ತುಟಿ ತೋರಿದ ದಿಕ್ಕು

ಶಿಮೊನೊಸೆಕಿ, ಜಪಾನ್
ಭಾನುವಾರ

ಕಡಲಿನ ಮೇಲೂ ಮಗಳ ಮೇಲೂ ಸದಾ ರೇಗುವ ಅಪ್ಪನಿಗೆ ಲಿಗಾಯಳ ನಮಸ್ಕಾರ.

ನಮ್ಮ ಫಿಲಿಪೀನ್ಸಿನ ಕರಾವಳಿ ಕಾವಲು ಪಡೆಗೆ ಇವರು ಕಟ್ಟಿಕೊಡುತ್ತಿರುವ ಹಡಗು ಚೆನ್ನಾಗಿದೆ. ಅದನ್ನು ನಡೆಸಲು ನಮ್ಮ ಪಡೆಯವರಿಗೆ ಕಲಿಸುವ ರೀತಿಯೇ ವಿಚಿತ್ರ. ಯಾವ ಗುಂಡಿ ಒತ್ತಬೇಕಾದರೂ ಮೊದಲು ಅದಕ್ಕೆ ಬೆರಳು ತೋರಿಸಿ, "ಸರಿಯಾಗಿದೆ!" ಎಂದು ಕೂಗಬೇಕು. ಮೊನ್ನೆ ಕುಸಾನೊ ಮೇಷ್ಟ್ರು, "ಬೆಂಕಿ ಆರಿಸೋ ಪಂಪು ಎಲ್ಲಿದೆ?" ಎಂದರು. ನನ್ನ ಎರಡೂ ಕೈಯಲ್ಲಿ ಹಗ್ಗವಿತ್ತು. ನಮ್ಮೂರಿನ ಅಭ್ಯಾಸದಂತೆ ಪಂಪಿನ ಕಡೆಗೆ ತುಟಿ ಚಾಚಿದೆ. ಮುತ್ತು ಕೇಳುತ್ತಿದ್ದಾಳೆಂದು ಹೆದರಿದ ಮೇಷ್ಟ್ರು ಹಿಂದೆ ಸರಿದು ಬಾಗಿಲಿಗೆ ತಲೆ ಬಡಿಸಿಕೊಂಡರು!

"ಅಯ್ಯೋ ಮೇಷ್ಟ್ರೇ, ನಮ್ಮ ಕಡೆ ದಿಕ್ಕು ತೋರಿಸೋದೇ ಹೀಗೆ!" ಎಂದು ತಿಳಿಹೇಳುವಷ್ಟರಲ್ಲಿ ಸಾಕುಸಾಕಾಯಿತು.

ದೋಣಿಗೆ ಜಪಾನಿನ ಮೋಟಾರೇ ಆಗಬೇಕೆಂದು ಹಟ ಹಿಡಿಯುವ ನೀವು, ಹಡಗಿನ ವಿಷಯಕ್ಕೆ ಮಾತ್ರ, "ಸುಮ್ಸುಮ್ನೆ ಯಾರೂ ಏನೂ ಕೊಡಲ್ಲ ಕಣೇ, ಯಾಕೆ ಕೊಡ್ತಾರೆ ಕೇಳು" ಎಂದಿದ್ದಿರಲ್ಲ, ಇವತ್ತು ಮೇಷ್ಟ್ರನ್ನು ಕೇಳಿಯೇಬಿಟ್ಟೆ.

ಚಳಿಗೆ ನನ್ನ ಅಂಗೈ ಬಿರಿದಿದೆ. ಅಮ್ಮ ಕಾಯಿಸಿದ ಕೊಬ್ಬರಿ ಎಣ್ಣೆ ಒಂದು ಸೀಸೆ ಕಳಿಸಿ.

ಹಾಂ, ಉತ್ತರ ಮರೆತೆ. "ಅದನ್ನೆಲ್ಲ ನಾನು ಬಾಯಿಬಿಟ್ಟು ಹೇಳೋ ಹಾಗಿಲ್ಲಮ್ಮ" ಎಂದರು ಮೇಷ್ಟ್ರು. ಆಚೀಚೆ ನೋಡಿದರು. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಪಡುವಣ ಕಡಲಿನಾಚೆ, ಚೀನಾದ ಕಡೆಗೆ, ಮೆಲ್ಲಗೆ ತುಟಿ ಚಾಚಿದರು. ಹವಳದ ದಿಬ್ಬದ ಹತ್ತಿರ ಮೀನಿಗೆ ಹೋಗುವುದನ್ನು ಯಾಕೆ ಬಿಟ್ಟಿರೆಂದು ನಾನು ಕೇಳಿದ ದಿನ ನೀವು ಚಾಚಿದ್ದಿರಲ್ಲ, ಥೇಟ್ ಹಾಗೆಯೇ.

ಕಾರ್ಡಿನಲ್ಲಿ ಜಾಗವಿಲ್ಲ.
ಲಿಗಾಯ