ಹಳಿ ಅಗಲಿಸುವಾಗ ಸಿಕ್ಕ ಹಿತ್ತಾಳೆ ಕೊಂಡಿ

ಕೊಲೊರಾಡೊ ಬೆಟ್ಟ, ಅಮೆರಿಕ
ಆಗಸ್ಟ್ 1890

ಓರ್ಸೋಲಾ ಅತ್ತಿಗೆಗೆ ನಿಮ್ಮ ಮೈದುನ ಟುಲ್ಲಿಯೊನ ನಮಸ್ಕಾರ. ಇದು ಕಾರ್ಡಿನಲ್ಲಿ ಬರೆಯುವ ಸುದ್ದಿಯಲ್ಲ, ಆದರೆ ಲಕೋಟೆಗಾಗಿ ಎರಡು ದಿನ ಬೆಟ್ಟ ಇಳಿಯಬೇಕು.

ದೊಡ್ಡ ಸರಕು ಗಾಡಿಗಳು ಓಡಲೆಂದು ಇಲ್ಲಿಯ ಕಿರಿದಾದ ರೈಲುಹಳಿಯನ್ನು ಅಗಲ ಮಾಡುತ್ತಿದ್ದೇವೆ. ಅದಕ್ಕೆ ಪಕ್ಕದ ಗುಡ್ಡವನ್ನೂ ಕಡಿಯಬೇಕು. ಮಂಗಳವಾರ ಹಾಗೆ ಕಡಿಯುವಾಗ, ಮೊದಲ ಹಳಿ ಹಾಕಿದವರಲ್ಲಿ ಯಾರದೋ ಹೆಸರಿಲ್ಲದ ಗೋರಿ ತೆರೆದುಕೊಂಡಿತು. ಮೇಸ್ತ್ರಿ ಮೆಕ್‌ಗಿನ್ನಿಸ್ ಮಣ್ಣಿನಿಂದ ಬೆಲ್ಟಿನ ಹಿತ್ತಾಳೆ ಕೊಂಡಿಯೊಂದನ್ನು ಎತ್ತಿ ಒರೆಸಿ, "ಲೋ ಟುಲ್ಲಿಯೊ, ನಿನ್ನ ಸೊಂಟದಲ್ಲಿರೋದೂ ಇಂಥದ್ದೇ ಅಲ್ವೇನೋ?" ಎಂದ.

ಅಪ್ಪ ಹಸುವಿನ ಗಂಟೆಯ ಹಿತ್ತಾಳೆಯನ್ನು ಬಡಿದು ಅಣ್ಣನಿಗೂ ನನಗೂ ಮಾಡಿಕೊಟ್ಟ ಕೊಂಡಿ ಅದು, ಅತ್ತಿಗೆ. ಊರವರು ಆಡಿಕೊಂಡಂತೆ ಬಟಿಸ್ಟಾ ಅಣ್ಣ ಇಲ್ಲಿ ಇನ್ನೊಂದು ಮದುವೆಯಾಗಿರಲಿಲ್ಲ. ಅವನ ಕಾಗದ ನಿಂತ ವರ್ಷವೇ ಈ ಜಾಗದಲ್ಲಿ ಹಳಿ ಹಾಕಿದ್ದಂತೆ.

ಭಾನುವಾರ ನಮ್ಮ ತಂಡದ ಹನ್ನೊಂದು ಜನರೂ ರಜೆ ಬಿಟ್ಟು ಬಂದು, ಅವನನ್ನು ಮೇಲಿನ ದಿಣ್ಣೆಗೆ ಹೊತ್ತು ತಂದು ಮಣ್ಣು ಮಾಡಿದರು. ಈ ಸಲ ಗೋರಿಯ ಮೇಲೆ ಅವನ ಹೆಸರಿದೆ, ನಾನೇ ಕೆತ್ತಿದೆ.

ನನ್ನ ಕೆಮ್ಮು ವಾಸಿಯಾಗಿದೆ. ಅಣ್ಣ ಬಂದಾನೆಂದು ನೀವು ಇಂದಿಗೂ ಬಾಗಿಲಿಗೆ ಅಗುಳಿ ಹಾಕದೆ ಮಲಗುತ್ತೀರೆಂದು ಅಮ್ಮ ಬರೆಸಿದ್ದಳು. ಇನ್ನು ಹಾಕಿಕೊಳ್ಳಿ ಅತ್ತಿಗೆ.

ಅಂಚೆಯವನು ಕಾಯುತ್ತಿದ್ದಾನೆ.
ಟುಲ್ಲಿಯೊ