ಅಜ್ಜಿ ಕಾಲೂರಿದ ಬಗೆ

ನಾಶಿಕ
೪ ಡಿಸೆಂಬರ್ ೨೦೨೫

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ವರ್ಗವಾಗಿ ಹೋದ ಚಿಕಲಠಾಣಾದ ಡಬ್ಬಿ ಊಟ ಈಗಲಾದರೂ ಒಗ್ಗಿದೆಯೇ? ಥಂಡಿ ಜಾಸ್ತಿಯಾಗಿದೆ, ಸ್ವೆಟರ್ ಇಲ್ಲದೆ ಬ್ಯಾಂಕಿಗೆ ಹೋಗಬೇಡಿ.

ಇವತ್ತು ಬೆಳಿಗ್ಗೆ ಅಜ್ಜಿ ಗೋಡೆ ಹಿಡಿಯದೆ ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಳು. ಸೀರೆಯ ಅಂಚಿನ ಕೆಳಗೆ ಎರಡು ಪಾದಗಳ ನಡುವೆ ಗೇಣಿಗಿಂತ ಹೆಚ್ಚು ಅಂತರ. ಚಿಕ್ಕಂದಿನಿಂದ ನನಗೆ "ಕಾಲು ಜೋಡಿಸಿ ನಿಂತ್ಕೋ" ಎಂದು ಗದರಿದ ಅಜ್ಜಿ!

ಬಚ್ಚಲಲ್ಲಿ ಬಿದ್ದವಳನ್ನು ಹೀಗೆ ನಿಲ್ಲಿಸಿದ್ದಕ್ಕೆ ನೀವು ಪ್ರತಿ ಸಲ ಫೋನಿನಲ್ಲಿ "ಆ ಫಿಜಿಯೋ ಹುಡುಗಗ ನನ್ನ ನಮಸ್ಕಾರ ಹೇಳವ್ವಾ" ಅನ್ನುತ್ತೀರಿ. ನಾನು ಹೂಂ ಅನ್ನುತ್ತೇನೆ. ಫಿಜಿಯೋ ಯಾರೂ ಬರುವುದಿಲ್ಲ ಅಪ್ಪಾ. ಬರುವವನು ಉತ್ಕರ್ಷ. ಬ್ಯಾಂಕ್ ಪರೀಕ್ಷೆಯ ಕ್ಲಾಸ್ ಬಿಟ್ಟು ಕುಸ್ತಿ ಹಿಡಿದದ್ದಕ್ಕೆ "ಮಣ್ಣಾಗ ಹೊರಳ್ಯಾಡವಗ ನನ್ನ ಮನ್ಯಾಗ ಜಾಗಾ ಇಲ್ಲ" ಎಂದಿರಿ. ಅಂದಿನಿಂದ ನಿಮ್ಮ ಮಗ ಪಂಚವಟಿಯ ತಾಲೀಮಿನ ಗರಡಿಮನೆಯಲ್ಲೇ ಮಲಗುತ್ತಾನೆ. ಅಮ್ಮ ಬದುಕಿದ್ದರೆ ಮಾತು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ.

ಅವನು ಕಲಿಸುವುದೆಲ್ಲ ಕುಸ್ತಿಯ ಪಾಠವೇ. ಕಾಲು ಅಗಲವಾಗಿ, ಮೊಣಕಾಲು ತುಸು ಬಾಗಿದ್ದರೆ ಮೈಭಾರ ಪಾದಗಳ ನಡುವೆಯೇ ಇಳಿಯುತ್ತದೆ. ಯಾರು ದೂಡಿದರೂ ಸುಲಭಕ್ಕೆ ಬೀಳುವುದಿಲ್ಲ. ಕುರ್ಚಿಯಿಂದ ಏಳುವಾಗ ಪಾದ ಹಿಂದಕ್ಕೆಳೆದು, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಬಾಗಬೇಕು. ಮೊದಲ ದಿನ ಅಜ್ಜಿ ಸಿಡುಕಿದ್ದಳು, "ಹೆಣ್ಣಮಕ್ಕಳು ಹಿಂಗ ನಿಲ್ತಾರೇನೋ ಭಾಡ್ಯಾ? ನಾ ಏನ ಅಖಾಡಕ್ಕ ಇಳೀಬೇಕಾಗ್ಯದ?" "ಬಿಂದಾಸ್ ಇಳಿ ಅಜ್ಜಿ, ನಿನ್ನ ಎದುರ ನಿಲ್ಲೋ ಪೈಲವಾನ ನಾಶಿಕದಾಗ ಹುಟ್ಟಿಲ್ಲ" ಎಂದ ಅವನು. ಅವಳು ನೀರಿನ ತಂಬಿಗೆಯನ್ನು ತೋಳು ಚಾಚಿ ಹಿಡಿದರೆ ಮಾತ್ರ ಅವನಿಗೆ ಸಿಟ್ಟು. ತೋಳೆಂದರೆ ಸನ್ನೆಕೋಲಿನ ಹಾಗಂತೆ, ಚಾಚಿದಷ್ಟೂ ತುದಿಯ ಭಾರ ಭುಜವನ್ನು ಜಗ್ಗುತ್ತದೆ. "ಮೈಗೆ ಹಚ್ಚಿ ಹಿಡಿ. ದೂರ ಹಿಡಿದಷ್ಟು ವಜ್ಜಾ ಆಗತದ" ಎನ್ನುತ್ತಾನೆ.

ಅವನು ಬರುವುದು ಸಂಜೆ ಐದಕ್ಕೆ. ರಜೆಯ ಶನಿವಾರ ನೀವು ಬಂದಾಗ ಮಾತ್ರ ಬರುವುದಿಲ್ಲ. ಅಜ್ಜಿಯ ಕುರ್ಚಿಯ ಎಡಬಲಕ್ಕೆ ನಿಲ್ಲಬೇಕಾದ ನೀವಿಬ್ಬರೂ ಸರದಿಯ ಮೇಲೆ ಬಂದು ಹೋಗುತ್ತೀರಿ. ಆ ಸಂಜೆಗಳಲ್ಲಿ ನೀವು ಪೇಪರ್ ಓದುತ್ತೀರಿ, ಅಜ್ಜಿ ಬಾಗಿಲು ನೋಡುತ್ತಾಳೆ. ಫೋನಿನಲ್ಲಿ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಬಿಪಿ ಮಾತ್ರೆ ಮರೆಯಬೇಡಿ. ಅಜ್ಜಿ ಆಶೀರ್ವಾದ ತಿಳಿಸಿದ್ದಾಳೆ.

ನಿಮ್ಮ,
ರುಚಿತಾ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು. ನೀವು ಬರುವ ದಿನ ಬೆಳಿಗ್ಗೆ ಉತ್ಕರ್ಷನಿಗೆ ಫೋನ್ ಮಾಡಿ "ಇವತ್ತು ಬರಬೇಡ" ಎನ್ನುತ್ತಿದ್ದವಳು ನಾನೇ. ಹದಿಮೂರಕ್ಕೆ ಎರಡನೇ ಶನಿವಾರ, ತಪ್ಪದೆ ಬನ್ನಿ. ಈ ಸಲ ನಾನು ಅವನಿಗೆ ಫೋನ್ ಮಾಡುವುದಿಲ್ಲ.