ಹೋದವರ ಬೆನ್ನಿಗೆ ಪೊರಕೆ

ಚಿರಂಜೀವಿ ನೇತ್ರಾವತಿಗೆ ನಿನ್ನ ಸೋದರಮಾವ ಚಂದ್ರಯ್ಯ ಬರೆಯುವುದು.

ದೋಣಿಗಲ್‌ನಿಂದ ಬಾಳ್ಳುಪೇಟೆವರೆಗೆ ಇವತ್ತು ಒಂದು ಕಸದ ಕಡ್ಡಿ ನೆಲಕ್ಕೆ ಬೀಳಬೇಕಾದರೂ ನನ್ನ ಅಪ್ಪಣೆ ಕೇಳಿಯೇ ಬೀಳುತ್ತದೆ. ಹೋಂಸ್ಟೇ ಮಾಲೀಕರು ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲು ನನಗೆ ಫೋನ್ ಮಾಡುತ್ತಾರೆ.

ಹೀಗೇ ಅಲ್ಲವೇ ನಾನು ಫೋನಿನಲ್ಲಿ ನಿನಗೆ ಕೊಚ್ಚಿದ್ದು? ಅದನ್ನು ನಂಬಿ ನೀನು ಸೋಮವಾರ ಹಾಸನದ ಗಾರ್ಮೆಂಟ್ಸ್ ಕೆಲಸ ಬಿಟ್ಟು ನನ್ನ ಜೊತೆ ಸೇರುತ್ತೀಯಂತೆ. ಅಕ್ಕ ಈ ಮಾತು ಹೇಳಿದಾಗ ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಎದ್ದು ಕಾಗದ ಹುಡುಕಿದೆ. ಬಿಡಬೇಡ ಕಣವ್ವ. ನಿನ್ನ ಸಂಬಳ ನಿಂತರೆ ಈ ಮನೆಯ ಒಲೆ ಉರಿಯುವುದಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ನಾಲಿಗೆ ತಾನಾಗಿ ಸುಳ್ಳಿನ ಕಡೆ ವಾಲುತ್ತದೆ. ಅದಕ್ಕೇ ಕಾಗದ. ಹಾಸನಕ್ಕೆ ಬರುವ ಶಿವಯ್ಯನ ಕೈಯಲ್ಲಿ ಕೊಟ್ಟಿದ್ದೇನೆ, ಅವನ ಎದುರೇ ಓದು, ನೀನು ಓದಿದ್ದು ಅವನಿಂದ ನನಗೆ ತಿಳಿಯಲಿ.

ಎಸ್ಟೇಟಿನವರು ಟ್ರ್ಯಾಕ್ಟರ್ ಮಾರಿ ನನ್ನನ್ನು ಮನೆಗೆ ಕಳಿಸಿದಾಗ ನನ್ನ ತಲೆ ಚೆನ್ನಾಗಿಯೇ ಓಡಿತ್ತು, ಅಷ್ಟನ್ನು ಒಪ್ಪಿಕೋ. ಬೆಂಗಳೂರಿನಲ್ಲಿ ಜನರ ಕೆಲಸ ಹೋಗುತ್ತಿದೆ, ಶನಿವಾರ ಘಾಟಿಗೆ ಬರುವ ಕಾರುಗಳು ಅರ್ಧಕ್ಕಿಳಿದಿವೆ, ಹೋಂಸ್ಟೇಯವರಿಗೆ ಆಳುಗಳಿಗೆ ತಿಂಗಳ ಸಂಬಳ ಕೊಡಲಾಗುತ್ತಿಲ್ಲ. ಹಾಗಿದ್ದ ಮೇಲೆ ಕರೆದಾಗ ಬಂದು ಗುಡಿಸಿ ಒರೆಸಿ ಹೋಗುವವನು ಬೇಕೇ ಬೇಕಲ್ಲ? ಹಳೆಯ ಓಮ್ನಿ ಕೊಂಡೆ, ಅದರ ಮೇಲೆ ನನ್ನ ಹೆಸರು ಬರೆಸಿದೆ, ಕಸ ಎಳೆಯುವ ಮೆಷಿನ್ ತಂದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಭೂತಮ್ಮ, ನಂಜಮ್ಮ ಇಬ್ಬರನ್ನೂ ಕರೆದುಕೊಂಡೆ.

ಮೊದಲ ದಿನವೇ ಅತಿಥಿಗಳ ಕಾರು ಗೇಟು ದಾಟುತ್ತಿದ್ದಂತೆ ಭೂತಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತಳು. "ಹೋದೋರ ಬೆನ್ನಿಗೇ ಗುಡಿಸಬಾರ್ದು ಅಣ್ಣ. ಹೆಣ ಎತ್ತಿದ ಮನೇಲಿ ಗುಡಿಸೋದು ಹಂಗೆ. ಅವ್ರು ಊರು ಸೇರ್ಕಳ್ಳಿ ಬುಡಿ."

ಗದರಿಸಬೇಕಿತ್ತು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಯಾಕೆ ಅಂತ ನಿನಗೊಬ್ಬಳಿಗೆ ಹೇಳುತ್ತೇನೆ. ನಿಮ್ಮಪ್ಪ ಕೊನೆಯ ಸಲ ಲಾರಿ ಹತ್ತಿ ಮಂಗಳೂರಿಗೆ ಹೊರಟ ಬೆಳಿಗ್ಗೆ ಅಕ್ಕ ಜಗಲಿ ಗುಡಿಸಿದಳು. ಭಾವ ತಿರುಗಿ ಬರಲಿಲ್ಲ. "ಗಂಡನ ಬೆನ್ನಿಗೇ ಪೊರಕೆ ಆಡಿಸಿಬುಟ್ಲು" ಅಂತ ಊರು ಆಡಿಕೊಂಡಿತು. ಆಡಿದವರ ಮನೆ ಬಾಗಿಲಿಗೇ ಹೋಗಿ ಜಗಳ ಕಾದವನು ನಾನು. ಘಾಟಿಯಲ್ಲಿ ಬ್ರೇಕ್ ಹೋದರೆ ಪೊರಕೆ ಏನು ಮಾಡುತ್ತೆ ಅಂತ ಕೂಗಾಡಿದವನೂ ನಾನೇ. ಆದರೆ ಯಾರದೋ ಮಕ್ಕಳು ಕಾರಿನ ಕಿಟಕಿಯಿಂದ ಕೈ ಬೀಸಿಕೊಂಡು ಘಾಟಿ ರಸ್ತೆ ಹಿಡಿದಾಗ ಪೊರಕೆ ಹಿಡಿಯಲು ನನ್ನ ಕೈ ಮೇಲೇಳಲಿಲ್ಲ. "ಊರು ತಲುಪಿದ ಮೇಲೆ ಒಂದು ಫೋನ್ ಮಾಡಿ ಸಾರ್" ಅಂತ ಬೇಡಿಕೊಳ್ಳುತ್ತಿದ್ದೆ. ಎಷ್ಟು ಮರ್ಯಾದಸ್ಥ ಮನುಷ್ಯ ಅಂತ ಅವರು ಹೊಗಳಿ ಹೋಗುತ್ತಿದ್ದರು.

ಜನ ಕಡಿಮೆ ಇದ್ದದ್ದರಿಂದ ನಮ್ಮ ಕಾಯುವಿಕೆ ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ತಂಡ ಹೋದರೆ ಮುಂದಿನದು ಬರಲು ವಾರ ಹಿಡಿಯುತ್ತಿತ್ತು. ಸಾಲು ರಜೆ ಬಂತು ನೋಡು, ಆವತ್ತು ಮುಗಿಯಿತು. ಬೆಳಿಗ್ಗೆ ಹೊರಟವರು ದಾರಿಯಲ್ಲಿರುವಾಗಲೇ ಹೊಸಬರು ಬಂದಿಳಿದರು. ಹಾಸಿಗೆ ಕೆದರಿದೆ, ತಟ್ಟೆಯಲ್ಲಿ ಕೋಳಿ ಮೂಳೆ, ಮೆಟ್ಟಿಲ ಮೇಲೆ ನಾವು ಮೂವರು. ಮಾಲೀಕ ಅರುಣ್ ಕೈ ಕಟ್ಟಿಕೊಂಡು ನಿಂತ. "ಚಂದ್ರಣ್ಣ, ನಿಮ್ಮನ್ನ ಕ್ಲೀನಿಂಗಿಗೆ ಕರೆದ್ನೋ ಕಾವಲಿಗೋ? ಪೊರಕೆ ಬೇಡ ಅಂದ್ರೆ ಮೆಷಿನ್ ಐತಲ್ಲ, ಅದನ್ನಾದ್ರೂ ಹಾಕಿ." ನಂಜಮ್ಮ ಕೂತಲ್ಲಿಂದಲೇ ಹೇಳಿದಳು, "ಅದೂ ಗುಡಿಸೋದೇ ಅಲ್ವಾ ಸ್ವಾಮಿ, ಸದ್ದು ಮಾಡ್ಕಂಡು ಗುಡಿಸ್ತದೆ ಅಷ್ಟೆ." ಹೊಸಬರು ಇಳಿಸಿದ ಚೀಲವನ್ನು ಮತ್ತೆ ಕಾರಿಗೆ ಹಾಕಿಕೊಂಡು ಹೋದರು. ಸಂಜೆಯೊಳಗೆ ಮಾಲೀಕರ ವಾಟ್ಸಾಪ್ ಗುಂಪಿನಲ್ಲೆಲ್ಲ ನನ್ನ ಹೆಸರು ಓಡಾಡಿತು. ಆಮೇಲೆ ಒಬ್ಬರೂ ಕರೆದಿಲ್ಲ. ನಾನೇ ಹೋಗಿ ಗೇಟಿನಲ್ಲಿ ನಿಂತರೆ ನಾಯಿ ಬಿಡುತ್ತಾರೆ.

ಓಮ್ನಿ ಸರ್ವೀಸಿಗೆ ಬಿಟ್ಟಿದ್ದೇನೆ ಅಂದಿದ್ದೆನಲ್ಲ, ಅದು ಮಾರಿಹೋಗಿದೆ. ಭೂತಮ್ಮ, ನಂಜಮ್ಮರ ಕೂಲಿ ಅದರಲ್ಲಿ ತೀರಿತು. ಮೆಷಿನ್ ಯಾರಿಗೂ ಬೇಡ, ಅಕ್ಕ ಅದರ ಮೇಲೆ ಹಪ್ಪಳ ಒಣಗಿಸುತ್ತಾಳೆ. ಎಷ್ಟು ಹೋಯಿತೋ ಅಂತ ಕೇಳಿದಳು. ಏನೋ ಚಿಲ್ಲರೆ ಅಂದೆ. ಯಾಕೆ ಹೋಯಿತು ಅಂತ ಕೇಳಿದ್ದಕ್ಕೆ ಜನರಿಲ್ಲ, ಕಾಲ ಕೆಟ್ಟಿದೆ ಅಂದೆ. ಮೆಟ್ಟಿಲ ಮೇಲೆ ಕೂತ ಕಥೆ ಅವಳಿಗೆ ಹೇಳಬೇಡ. ಊರೆಲ್ಲ ಆಡಿದ್ದನ್ನು ಅವಳು ನುಂಗಿಕೊಂಡಿದ್ದಾಳೆ. ತಮ್ಮನೂ ಒಳಗೊಳಗೇ ಅದನ್ನೇ ನಂಬಿದ್ದ ಅಂತ ಗೊತ್ತಾದರೆ ಅವಳು ಪೊರಕೆ ಮುಟ್ಟುವುದಿಲ್ಲ, ನನ್ನ ಮುಖವನ್ನೂ ನೋಡುವುದಿಲ್ಲ.

ಸೋಮವಾರ ಎಂದಿನಂತೆ ಕೆಲಸಕ್ಕೆ ಹೋಗು. ಭಾನುವಾರ ಊರಿಗೆ ಬಂದು ಹೋಗುವುದಾದರೆ ಹಾಸನ ಮುಟ್ಟಿದ ಮೇಲೆ ಫೋನ್ ಮಾಡು. ಅಲ್ಲಿಯವರೆಗೆ ಈ ಮನೆಯ ಕಸ ಬಿದ್ದಲ್ಲೇ ಬಿದ್ದಿರುತ್ತದೆ. ಹೊರಟ ದಾರಿ ನಿನಗೆ ಸುಖವಾಗಿರಲಿ, ತಾಯಿ. ನಿನ್ನ ಕೈಯಲ್ಲಿ ಅನ್ನ ಹುಟ್ಟಲಿ.

ಇಂತಿ, ನಿನ್ನ ಮಾವ,
ಚಂದ್ರಯ್ಯ

ಕಾಗದ ಮಡಿಸಿ ಶಿವಯ್ಯನಿಗೆ ಕೊಟ್ಟವನು ಮತ್ತೆ ಇಸಿದುಕೊಂಡೆ. ಮೊತ್ತ ಬರೆಯದಿದ್ದರೆ ಮಾವ ತಮಾಷೆ ಮಾಡುತ್ತಿದ್ದಾನೆ ಅಂತ ನೀನು ಸೋಮವಾರ ಬಸ್ಸು ಹತ್ತಿಬಿಡುತ್ತೀಯ. ಓಮ್ನಿ ಮಾರಿದ್ದು, ಕೂಲಿ ಕೊಟ್ಟದ್ದು ಎಲ್ಲ ಲೆಕ್ಕ ಹಾಕಿದರೆ ಮುಳುಗಿದ್ದು ಎರಡು ಲಕ್ಷದ ಎಂಬತ್ತು ಸಾವಿರ. ಟ್ರ್ಯಾಕ್ಟರ್ ಮೇಲೆ ಕೂತು ಸವೆಸಿದ ಅಷ್ಟೂ ವರ್ಷದ ದುಡ್ಡು. ನನ್ನ ಹತ್ತಿರ ಇದ್ದದ್ದೂ ಅಷ್ಟೇ.